ಗಂಜ್‌ನಲ್ಲಿ ಕೂತು ಮೊಜಾಂಬಿಕ್ ಮಾತು

‘ವಿದೇಶಾಂಗ ನೀತಿ ಸಂವಾದ’ ಎಂದು ಕರಪತ್ರ ಹಾಕಿದರೆ ಕಲಬುರಗಿಯಲ್ಲಿ ನಿವೃತ್ತ ಮಾಸ್ತರರಷ್ಟೇ ಬರುತ್ತಾರೆ. ‘ತೊಗರಿ ಆಮದು’ ಎಂದು ಹಾಕಿದರೆ ಅಡತಿ ಅಂಗಡಿಯವರು, ದಾಲ್ ಮಿಲ್ ಮಾಲೀಕರು, ಪಂಚಾಯಿತಿ ಸದಸ್ಯರು, ಹಮಾಲರ ಸಂಘದವರು ಬರುತ್ತಾರೆ. ನಾವು ಹಾಕುವುದು ಎರಡನೆಯದನ್ನು. ನಡೆಯುವುದು ಮೊದಲನೆಯದೇ.

ಸಭೆ ಆಗಸ್ಟ್‌ನಲ್ಲಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹೊಸ ಮಾಲು ಬರುವಾಗ ಧಾನ್ಯಪೇಟೆಯಾದ ಗಂಜ್‌ನವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆಗಸ್ಟ್‌ನಲ್ಲಾದರೆ ಆಫ್ರಿಕಾದ ತೊಗರಿ ಆಗತಾನೇ ಹಡಗು ಹತ್ತುತ್ತಿರುತ್ತದೆ, ಮಾತಿಗೆ ಬಿಸಿ ಇರುತ್ತದೆ. ಕರೆಯಲು ಫೋನ್ ಸಾಲದು. ದಿನದ ಟೆಂಡರ್ (ಮಾಲಿಗೆ ದರ ಕೂಗುವುದು) ಮುಗಿದ ಮೇಲೆ ಅಂಗಡಿಗೇ ಹೋಗಿ ಕೂತು ಕರೆಯಬೇಕು. ಇಪ್ಪತ್ತು ಮಂದಿ ಸಾಕು. ಅದರಲ್ಲಿ ರೈತರು ಆರು, ಮಿಲ್ಲಿನವರು ಮೂರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ನಾಲ್ಕು. ಹೆಣ್ಣುಮಕ್ಕಳಲ್ಲಿ ಒಬ್ಬರನ್ನೇ ಕರೆದರೆ ಅವರು ಬಾಯಿ ಬಿಡುವುದಿಲ್ಲ.

ಒಂದು ವಾರ ಮೊದಲೇ ಒಂದು ಹಾಳೆ ಹಂಚುತ್ತೇವೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಉರ್ದು. ಅಭಿಪ್ರಾಯ ಒಂದಕ್ಷರವೂ ಇಲ್ಲ, ನಡೆದದ್ದಷ್ಟೇ. 2015ರ ಕೊನೆಗೆ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. 2016ರ ಜುಲೈನಲ್ಲಿ ಭಾರತ ತೊಗರಿ ತರಿಸಿಕೊಳ್ಳಲು ಮೊಜಾಂಬಿಕ್ ಜೊತೆ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಮಳೆಯೂ ಬಿತ್ತನೆಯೂ ಜೋರಾಗಿ, 2017ರ ಆರಂಭದಲ್ಲಿ ಪೇಟೆ ದರ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಆಗಸ್ಟ್‌ನಲ್ಲಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಬಿತ್ತು. 2021ರ ಮೇನಲ್ಲಿ ಆಮದು ಮತ್ತೆ ಮುಕ್ತವಾಯಿತು. ಟನ್ ಲೆಕ್ಕ ರೈತರ ಕಣ್ಣಿಗೆ ಕಟ್ಟುವುದಿಲ್ಲ, ಪಕ್ಕದಲ್ಲಿ 20 ಲಕ್ಷ ಕ್ವಿಂಟಲ್ ಎಂದು ಬರೆಯಲೇಬೇಕು. ಬರೆಯದಿದ್ದರೆ ಅರ್ಧ ತಾಸು ಗುಣಾಕಾರದಲ್ಲೇ ಹೋಗುತ್ತದೆ.

ಒಂದು ಸಾಲು ಮಾತ್ರ ದಪ್ಪಕ್ಷರದಲ್ಲಿರುತ್ತದೆ: ದೇಶದೇಶಗಳ ನಡುವಿನ ಒಪ್ಪಂದದಲ್ಲಿ ಸರಕಾರ ಕೊಟ್ಟ ಮಾತಿಗೆ 2017ರ ಮಿತಿ ತಾಗಲಿಲ್ಲ. ವಿದೇಶಾಂಗ ನೀತಿ ಎಂಬುದು ಗಂಜ್‌ಗೆ ಬಂದಿಳಿಯುವುದು ಈ ಸಾಲಿನಲ್ಲೇ. ‘ನಮ್ಮ ಮಾಲಿಗೇ ರೇಟಿಲ್ಲದಾಗ ಅವ್ರಿಗೆ ಕೊಟ್ಟ ಮಾತು ಯಾಕ ಉಳಿಸ್ಕೋಬೇಕ್ರಿ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾವು ಉತ್ತರ ಕೊಡದೆ ಕುರ್ಚಿ ಬದಲಿಸುತ್ತೇವೆ. ಅಗ್ಗದ ಆಮದು ಮಾಲು ಸಿಕ್ಕರೆ ವರ್ಷವಿಡೀ ಮಿಲ್ಲು ಓಡಿಸಬಹುದು ಎನ್ನುವ ಮಾಲೀಕರು ಹದಿನೈದು ನಿಮಿಷ ಅಫಜಲಪುರದ ರೈತನಾಗಿ ವಾದಿಸಬೇಕು. ರೈತರು ಮುಂಬೈಯಲ್ಲಿ ಬೇಳೆ ಕೊಳ್ಳುವವರಾಗಬೇಕು. ಹಮಾಲರ ಮುಖಂಡರಿಗೆ ಮೊಜಾಂಬಿಕ್ ರೈತನ ಪಾತ್ರ. ಅಲ್ಲಿ ತೊಗರಿ ಉಣ್ಣುವುದು ಕಡಿಮೆ, ಬೆಳೆಯುವುದೇ ಭಾರತಕ್ಕಾಗಿ. ಇಲ್ಲಿ ಬಾಗಿಲು ಮುಚ್ಚಿದರೆ ಅಲ್ಲಿ ಕೊಳ್ಳುವವರಿಲ್ಲ. ಇಷ್ಟು ತಿಳಿದ ಮೇಲೆ ಆಮದು ಬೇಕೋ ಬೇಡವೋ ಎಂಬ ಜಗಳ, ಯಾವ ತಿಂಗಳಲ್ಲಿ ಎಷ್ಟು ಎಂಬ ಲೆಕ್ಕಕ್ಕೆ ತಿರುಗುತ್ತದೆ.

ಕೆಡುವುದು ಹೆಚ್ಚಾಗಿ ವೇದಿಕೆಯಿಂದ. ಮುಖ್ಯ ಅತಿಥಿ, ಹಾರ, ಮೈಕು ಬಂದರೆ ಒಂದು ತಾಸು ಸನ್ಮಾನಕ್ಕೇ ಸರಿ. ಮಾತು ಪಾಕಿಸ್ತಾನಕ್ಕೋ ಚುನಾವಣೆಗೋ ಹೊರಳುವುದೂ ಉಂಟು. ಅದಕ್ಕೇ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳುತ್ತೇವೆ: ಸುಂಕ, ಬಂದರು, ಪ್ರಮಾಣ, ತಿಂಗಳು, ಇವುಗಳಲ್ಲಿ ಒಂದಾದರೂ ಇರದ ಚೀಟಿಯನ್ನು ಓದುವುದಿಲ್ಲ. ಬರೆಯಲು ಬಾರದವರ ಪಕ್ಕ ಬರೆಯುವವರೊಬ್ಬರು ಕೂರಬೇಕು. ‘ಇದು ದಿಲ್ಲಿ ಕೆಲಸ’ ಎಂದು ಕೈ ತೊಳೆದುಕೊಳ್ಳುವವರಿಗೆ ಸಂವಿಧಾನದ ಏಳನೇ ಅನುಸೂಚಿ ತೋರಿಸುತ್ತೇವೆ, ಕೇಂದ್ರದ ಕೆಲಸ ಯಾವುದು, ರಾಜ್ಯದ್ದು ಯಾವುದು ಎಂಬ ಪಟ್ಟಿಗಳಿರುವುದು ಅದರಲ್ಲೇ. ವಿದೇಶ ವ್ಯವಹಾರ ಕೇಂದ್ರ ಪಟ್ಟಿಯ 10ನೇ ನಮೂದು, ವಿದೇಶ ವ್ಯಾಪಾರ 41ನೆಯದು, ಅದು ನಿಜ. ಆದರೆ ಕೃಷಿ ರಾಜ್ಯ ಪಟ್ಟಿಯ 14ನೆಯದು. ಹೊಡೆತ ತಿನ್ನುವವರು ಮಾತಾಡಬಾರದೆಂದು ಯಾವ ಪಟ್ಟಿಯಲ್ಲೂ ಇಲ್ಲ.

ಕೊನೆಯ ಅರ್ಧ ತಾಸಿನಲ್ಲಿ ಸಂಸದರಿಗೆ ಕೊಡಲು ಒಂದೇ ಒಂದು ಪ್ರಶ್ನೆ ಬರೆಯುತ್ತೇವೆ. ಹತ್ತು ಬೇಡಿಕೆಗಳ ಮನವಿ ಪತ್ರ ಫೈಲಿಗೆ ಹೋಗುತ್ತದೆ, ಅಷ್ಟೆ. ಲೋಕಸಭೆಗೆ ಪ್ರಶ್ನೆ 150 ಪದ ಮೀರಬಾರದು, ಸಂಸದರು ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು. ಹಾಗಾಗಿ ಚಳಿಗಾಲದ ಅಧಿವೇಶನಕ್ಕೆ ಅಕ್ಟೋಬರ್ ಮುಗಿಯುವುದರೊಳಗೆ ಕೈಗೆ ತಲುಪಿಸುತ್ತೇವೆ. ಚುಕ್ಕೆರಹಿತ ಪ್ರಶ್ನೆಯನ್ನೇ ಕೇಳಿರೆಂದು ಕೋರುತ್ತೇವೆ, ಉತ್ತರ ಅಂಕಿಸಂಖ್ಯೆ ಸಮೇತ ಬರಹದಲ್ಲಿ ಸಿಗುತ್ತದೆ. ಆಮದಿನ ಆದೇಶ ಕೇಳುವುದಾದರೆ ವಾಣಿಜ್ಯ ಸಚಿವಾಲಯ, ಬೆಂಬಲ ಬೆಲೆಗೆ ಕೃಷಿ ಸಚಿವಾಲಯ. ಎರಡನ್ನೂ ಒಂದರಲ್ಲೇ ತುರುಕಬಾರದು. ಬಂದ ಉತ್ತರವನ್ನು ಇಪ್ಪತ್ತು ಪ್ರತಿ ಮಾಡಿಸಿ, ಮತ್ತೆ ಟೆಂಡರ್ ಮುಗಿಯುವ ಹೊತ್ತಿಗೆ ಅಂಗಡಿ ಅಂಗಡಿಗೆ ಒಯ್ಯುತ್ತೇವೆ. ಮುಂದಿನ ವರ್ಷದ ಹಾಳೆ ಅದರಿಂದಲೇ ಶುರು.