ಗುಜರಿಗೆ ಹೋಗಬೇಕಿದ್ದ ಲ್ಯಾಪ್‌ಟಾಪ್ ಉಳಿದದ್ದು ಹೀಗೆ

"ಅದನ್ನು ಗುಜರಿಗೆ ಹಾಕಿ ಹೊಸದು ತೆಗೆದುಕೋ" ಎಂದು ಭಾವ ಹೇಳಿ ಒಂದೂವರೆ ವರ್ಷವಾಯಿತು. ಇದನ್ನು ಬರೆಯುತ್ತಿರುವುದು ಅದೇ ಲ್ಯಾಪ್‌ಟಾಪ್‌ನಲ್ಲಿ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತಿನ ಹಾರ್ಡ್ ಡಿಸ್ಕ್. ಗುಂಡಿ ಒತ್ತಿ ಬ್ರೌಸರ್ ತೆರೆಯುವಷ್ಟರಲ್ಲಿ ಸುಮಾರು ನಾಲ್ಕು ನಿಮಿಷ ಹಿಡಿಯುತ್ತಿತ್ತು.

ಭಾವನ ಅನುಮಾನಕ್ಕೆ ಕಾರಣ ಒದಗಿಸಿದವನೂ ನಾನೇ. ಇದರ ಹಿಂದಿನ ಯಂತ್ರಕ್ಕೆ ಮೊದಲು ಪರದೆ, ಆಮೇಲೆ ಬ್ಯಾಟರಿ, ಆಮೇಲೆ ಕೀಬೋರ್ಡ್ ಎಂದು ಸುರಿಯುತ್ತಾ ಹೋದೆ. ಕೊನೆಗೆ ಮದರ್‌ಬೋರ್ಡ್ ಸತ್ತಿತು. ಅಷ್ಟು ಹಣಕ್ಕೆ ಚೆನ್ನಾಗಿರುವ ಹಳೆಯದೊಂದು ಬರುತ್ತಿತ್ತು.

ಈ ಸಲ ಕೆಲಸಕ್ಕೆ ಇಳಿಯುವ ಮೊದಲೇ ಎರಡು ಕಟ್ಟುಪಾಡು ಹಾಕಿಕೊಂಡೆ. ಹೋಲಿಕೆ ಅಂಗಡಿಯ ಹೊಸ ಲ್ಯಾಪ್‌ಟಾಪ್ ಜೊತೆಗಲ್ಲ, ನಾನು ನಿಜವಾಗಿ ಕೊಳ್ಳಬಹುದಾದ ಬಳಸಿದ ಎಂಟನೇ ತಲೆಮಾರಿನ ಯಂತ್ರದ ಜೊತೆ. ಅದರ ಬೆಲೆಯ ಮೂರನೇ ಒಂದು ಭಾಗ ನನ್ನ ಮಿತಿ. ಎರಡನೆಯದು, ನಾಳೆ ಈ ಯಂತ್ರ ಸತ್ತರೂ ನನ್ನ ಜೊತೆ ಬರುವ ಭಾಗಕ್ಕೇ ಮೊದಲ ಹಣ. ಹಾಗಾಗಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡಿಸ್ಕ್) ಮೊದಲು ಬಂತು. ಮಿತಿಯ ಮೂರನೇ ಒಂದು ಪಾಲು ಅದಕ್ಕೇ ಹೋಯಿತು. ನಾಲ್ಕು ನಿಮಿಷ ಹಿಡಿಯುತ್ತಿದ್ದದ್ದು ಮೂವತ್ತೈದು ಸೆಕೆಂಡಿಗೆ ಇಳಿಯಿತು. ಮುಂದಿನ ಯಂತ್ರದಲ್ಲಿ ಜಾಗ ಇಲ್ಲದಿದ್ದರೆ ಯುಎಸ್‌ಬಿ ಡಬ್ಬಿಗೆ ಹಾಕಿದರಾಯಿತು.

ಪೆಟ್ಟು ಬಿದ್ದದ್ದು ರ‍್ಯಾಮ್‌ನಲ್ಲಿ. ಬಳಸಿದ 8 ಜಿಬಿಯದೊಂದು ಅಗ್ಗಕ್ಕೆ ಸಿಕ್ಕಿತು. ಹಾಕಿ ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಎರಡು ಸಂಜೆ ರಬ್ಬರಿನಿಂದ ಅದರ ಚಿನ್ನದ ಪಟ್ಟಿಗಳನ್ನು ಉಜ್ಜಿದೆ, ಸ್ಲಾಟ್ ಬದಲಿಸಿದೆ. ಮೂರನೆಯ ಸಂಜೆ ಕನ್ನಡಕ ಹಾಕಿಕೊಂಡು ಚೀಟಿ ಓದಿದೆ: ಪಿಸಿ3. ನನ್ನ ಯಂತ್ರಕ್ಕೆ ಬೇಕಿದ್ದದ್ದು 1.35 ವೋಲ್ಟ್‌ನ ಪಿಸಿ3ಎಲ್, ಇದು 1.5 ವೋಲ್ಟ್‌ನದು. ಒಂದು ಅಕ್ಷರಕ್ಕೆ ಮಿತಿಯ ಹತ್ತನೇ ಒಂದು ಭಾಗ ದಂಡ! ಮಾರಿದವನು ವಾಪಸ್ ಪಡೆಯಲಿಲ್ಲ.

ಬ್ಯಾಟರಿಯಲ್ಲಿಯೂ ಒಮ್ಮೆ ಏಮಾರಿದೆ. ಹಳೆಯದರ ವಿನ್ಯಾಸದ ಸಾಮರ್ಥ್ಯ 48 ವ್ಯಾಟ್‌-ಗಂಟೆ, ಉಳಿದದ್ದು 19ರ ಆಸುಪಾಸು. "ಹೊಚ್ಚ ಹೊಸದು" ಎಂದು ಬಂದದ್ದರ ಚಾರ್ಜ್ ಸುತ್ತುಗಳ ಎಣಿಕೆ ಮೊದಲ ದಿನವೇ ಇನ್ನೂರು ದಾಟಿತ್ತು. ನಾನು ಅದನ್ನು ನೋಡಿದ್ದು ನಾಲ್ಕು ತಿಂಗಳ ಮೇಲೆ, ಅದು ಅರ್ಧಕ್ಕೆ ಇಳಿದಾಗ. ಎರಡನೆಯದಕ್ಕೆ ಹೆಚ್ಚು ಕೊಟ್ಟೆ. ಮೂರು ಗಂಟೆ ನಿಲ್ಲುತ್ತದೆ.

ನಡುವೆ ಒಂದು ತರಲೆ ಪ್ರಯೋಗ: ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಹಳೆಯ ಹಾರ್ಡ್ ಡಿಸ್ಕ್ ಕೂರಿಸುವುದು. ತಂದ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) 12.7 ಮಿಲಿಮೀಟರಿನದು, ನನ್ನದಕ್ಕೆ ಬೇಕಿದ್ದದ್ದು 9.5. ಇನ್ನೊಂದು ತರಿಸಿ ಕೂರಿಸಿದರೆ ಬ್ಯಾಟರಿ ಅರ್ಧ ಗಂಟೆ ಮೊದಲೇ ಮುಗಿಯತೊಡಗಿತು. ಕಿತ್ತು ಹಾಕಿದೆ.

2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಬೆಂಬಲ ನಿಂತಿತು, ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡೆ. ನನ್ನದು ಬರವಣಿಗೆ, ಲೆಕ್ಕಪತ್ರ, ವಿಡಿಯೊ ನೋಡುವುದು, ಅಷ್ಟೇ, ಅದಕ್ಕೆ ಧಾರಾಳವಾಯಿತು.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ತಮ್ಮದನ್ನೂ ತಂದರು. ನನ್ನದಕ್ಕಿಂತ ನಾಲ್ಕು ವರ್ಷ ಹೊಸದು, ಆದರೆ 4 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆ, ಡಿಸ್ಕಿನ ಜಾಗದಲ್ಲಿ ಇಎಂಎಂಸಿ ಎಂಬ ಸಂಗ್ರಹದ ಚಿಪ್, ಅದೂ ಬೆಸುಗೆ. "ಇದಕ್ಕೆ ಒಂದು ಸ್ಕ್ರೂ ಬಿಚ್ಚುವುದೂ ದಂಡ, ಬೇರೆ ಕೊಳ್ಳಿ" ಎಂದೆ. ಅವರಿಗೆ ಸ್ವಲ್ಪ ಬೇಸರವಾಯಿತು.

ನನ್ನ ಯಂತ್ರದ ಬಲಗಡೆಯ ಹಿಂಜ್ (ಪರದೆ ಮಡಚುವ ಕೀಲು) ಕಿತ್ತುಬಂದಾಗ, ಕೇಸನ್ನೇ ಬದಲಿಸಬೇಕು ಎಂದರು ರಿಪೇರಿಯವರು. ಹೊಸ ಕೇಸ್ ಇಲ್ಲದೆಯೇ ಕೂರಿಸಿದೆ. ಎರಡು ಭಾಗದ ಎಪಾಕ್ಸಿ ಅಂಟು, ಹಿತ್ತಾಳೆ ನಟ್ಟು ಎಂದಷ್ಟೇ ಹೇಳುತ್ತೇನೆ. ನಟ್ಟು ಅಲುಗದಂತೆ ಒಂದು ರಾತ್ರಿ ಹಿಡಿದಿಟ್ಟದ್ದು ಯಾವುದು ಎನ್ನುವುದು ನನ್ನಲ್ಲೇ ಇರಲಿ. ಒಂದು ವರ್ಷವಾಯಿತು, ಅಲುಗಿಲ್ಲ. ಈಗ ಎಡಗಡೆಯದು ಕಿರುಗುಟ್ಟುತ್ತಿದೆ. ಮಿತಿಯಲ್ಲಿ ಉಳಿದಿರುವುದು ಒಂದು ಕೀಬೋರ್ಡಿಗಾಗುವಷ್ಟು ಹಣ ಮಾತ್ರ.