ಪರದೇಶದಲ್ಲಿ ಮನೆ ಕೊಳ್ಳುವಾಗ, ಮಾರುವಾಗ ಏಜೆಂಟ್ ಆರಿಸುವುದು ಹೇಗೆ

ಮನೆ ತೋರಿಸಲು ಬರುವ ಏಜೆಂಟ್ ಎಷ್ಟೇ ಆತ್ಮೀಯವಾಗಿ ಮಾತಾಡಲಿ, ಅವರು ಯಾರ ಕಡೆಯವರು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಗೊತ್ತಿರುವ ಊರಿನಲ್ಲಾದರೆ ನಾಲ್ಕು ಜನರನ್ನು ವಿಚಾರಿಸಿದರೆ ಸಾಕು. ಭಾಷೆ, ಕಾನೂನು, ವಾಡಿಕೆ ಎಲ್ಲವೂ ಬೇರೆಯಾದ ದೇಶದಲ್ಲಿ ಕಮಿಷನ್ ಯಾರು ಕೊಡುತ್ತಾರೆ, ಕರಾರಿಗೆ ಯಾರ ಸಹಿ ಬಿದ್ದಿದೆ ಎಂದು ಕಾಗದ ನೋಡಿಯೇ ಹೇಳಬೇಕು.

ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಏಜೆಂಟ್ ಮಾರುವವರ ಪರ. ಕಮಿಷನ್ ಕೊಡುವವರೂ ಅವರೇ. ಕೊಳ್ಳಲು ಹೋದವರು ಮಾತಿನ ಭರದಲ್ಲಿ "ಇನ್ನೊಂದು ಹತ್ತು ಸಾವಿರ ಏರಿಸಬಹುದು" ಅಂದುಬಿಟ್ಟರೆ ಅದು ಮಾರುವವರ ಕಿವಿಗೆ ಬೀಳುತ್ತದೆ, ಅದನ್ನು ತಲುಪಿಸುವುದೇ ಏಜೆಂಟರ ಕೆಲಸ. ಇಟಲಿಯಲ್ಲಿ ಏಜೆಂಟ್ ಇಬ್ಬರ ನಡುವಿನ ಮಧ್ಯವರ್ತಿ, ಹೆಚ್ಚಾಗಿ ಎರಡೂ ಕಡೆಯಿಂದ ಕಮಿಷನ್ ಪಡೆಯುತ್ತಾರೆ. ಜರ್ಮನಿಯಲ್ಲಿ 2020ರ ಡಿಸೆಂಬರ್ 23ರಿಂದ ಜಾರಿಯಲ್ಲಿರುವ ನಿಯಮದಂತೆ, ವ್ಯಾಪಾರಕ್ಕಲ್ಲದೆ ಖಾಸಗಿಯಾಗಿ ಫ್ಲ್ಯಾಟ್ ಅಥವಾ ಒಂಟಿಮನೆ ಕೊಳ್ಳುವವರ ಮೇಲೆ ಪೂರ್ತಿ ಕಮಿಷನ್ ಹೊರಿಸುವಂತಿಲ್ಲ. ಮಾರುವವರು ನೇಮಿಸಿದ ಏಜೆಂಟರಿಗೆ ಕನಿಷ್ಠ ಅರ್ಧ ಪಾಲನ್ನು ಅವರೇ ಕೊಡಬೇಕು. ಅಮೆರಿಕದಲ್ಲಿ 2024ರ ಆಗಸ್ಟ್ 17ರಿಂದ, ಬಹುತೇಕ ಏಜೆಂಟರು ಮನೆ ತೋರಿಸುವ ಮೊದಲೇ ಕೊಳ್ಳುವವರಿಂದ ಲಿಖಿತ ಕರಾರು ಪಡೆಯಬೇಕಾಗಿದೆ. ಅದರಲ್ಲಿ ಶುಲ್ಕ ಎಷ್ಟೆಂದು ಬರೆದಿರುತ್ತದೆ, ಅದನ್ನು ಚೌಕಾಸಿ ಮಾಡಬಹುದು. ಸಿಂಗಪುರದಲ್ಲಿ ಒಂದೇ ವ್ಯವಹಾರದಲ್ಲಿ ಒಬ್ಬ ಏಜೆಂಟ್ ಎರಡೂ ಕಡೆಯವರನ್ನು ಪ್ರತಿನಿಧಿಸುವಂತೆಯೇ ಇಲ್ಲ.

ಹೀಗಾಗಿ ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: ನಿಮಗೆ ದುಡ್ಡು ಯಾರು ಕೊಡುತ್ತಾರೆ, ಎಷ್ಟು, ಯಾವಾಗ? ಬಿಲ್ಡರ್ ಕಡೆಯಿಂದಲೂ ಏನಾದರೂ ಬರುತ್ತದೆಯೇ? ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ವಿಮಾನದ ಟಿಕೆಟ್, ಹೋಟೆಲ್ ಎಲ್ಲ ಪುಕ್ಕಟೆ ಕೊಟ್ಟು ಮನೆ ನೋಡಲು ಕರೆದೊಯ್ಯುವವರ ಖರ್ಚು ಕೊನೆಗೆ ಮನೆಯ ಬೆಲೆಯಲ್ಲೇ ಸೇರಿರುತ್ತದೆ.

ಏಜೆಂಟರ ಲೈಸೆನ್ಸ್ ಪರಿಶೀಲನೆ

ಇದಕ್ಕೆ ಹದಿನೈದು ನಿಮಿಷ ಸಾಕು. ಹೆಚ್ಚಿನವರು ಇದನ್ನೇ ಬಿಡುತ್ತಾರೆ ಎನ್ನುವುದು ಬೇಸರದ ಸಂಗತಿ.

ಏಜೆಂಟರಿಂದ ನೋಂದಣಿ ಸಂಖ್ಯೆ ಕೇಳಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ. ಆ ದೇಶದ ಅಧಿಕೃತ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ. ಸಂಖ್ಯೆ ಹಾಕಿದಾಗ ಬರುವ ಹೆಸರು, ಸಂಸ್ಥೆ ಎರಡೂ ಅವರ ವಿಸಿಟಿಂಗ್ ಕಾರ್ಡಿಗೆ ಹೊಂದಬೇಕು, ನೋಂದಣಿಯ ಅವಧಿ ಮುಗಿದಿರಬಾರದು. ಹೆಸರು ಸರಿಯಿದ್ದು ಸಂಸ್ಥೆ ಬೇರೆ ಬಂದರೆ, ಹಳೆಯ ಸಂಸ್ಥೆ ಬಿಟ್ಟು ಬಂದವರಿರಬಹುದು ಅಥವಾ ಯಾರದೋ ಸಂಖ್ಯೆಯನ್ನು ತೋರಿಸುತ್ತಿರಬಹುದು. ಪಟ್ಟಿಯಲ್ಲಿ ಫೋನ್ ನಂಬರ್ ಇದ್ದರೆ ಅದಕ್ಕೇ ಕರೆ ಮಾಡಿ, ಇಂಥವರು ನಿಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆಯೇ ಎಂದು ವಿಚಾರಿಸಿ.

ದೇಶದಿಂದ ದೇಶಕ್ಕೆ ನೋಡಬೇಕಾದ ಗುರುತು ಬೇರೆ. ಫ್ರಾನ್ಸಿನಲ್ಲಿ ಏಜೆನ್ಸಿಗೆ "ಕಾರ್ತ್ ಪ್ರೊಫೆಸಿಯೊನೆಲ್" ಎಂಬ ವೃತ್ತಿ ಕಾರ್ಡ್ ಇರಬೇಕು. ಅದನ್ನು ವಾಣಿಜ್ಯ ಮಂಡಳಿ ಕೊಡುತ್ತದೆ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಕ್ರಯವಿಕ್ರಯಕ್ಕೆ "ಟಿ" ಗುರುತು ಇರುತ್ತದೆ. ಮನೆ ತೋರಿಸುವ ಸ್ವತಂತ್ರ ಪ್ರತಿನಿಧಿಯ ಬಳಿ ಕಾರ್ಡ್ ಬದಲು ಏಜೆನ್ಸಿಯ ಪರವಾಗಿ ಕೆಲಸ ಮಾಡುವ ದೃಢೀಕರಣ ಪತ್ರ ಇರುತ್ತದೆ. ಅಂಥವರು ನಿಮ್ಮ ಹಣ ಮುಟ್ಟುವಂತಿಲ್ಲ. ಪೋರ್ಚುಗಲ್‌ನಲ್ಲಿ "ಎಎಂಐ" ಎಂಬ ಏಜೆನ್ಸಿಯ ಲೈಸೆನ್ಸ್ ಸಂಖ್ಯೆ ಕೇಳಿ. ದುಬೈಯಲ್ಲಿ ಬ್ರೋಕರ್ ಕಾರ್ಡ್ ಸಂಖ್ಯೆಯನ್ನು ಭೂ ಇಲಾಖೆಯ ಆ್ಯಪ್‌ನಲ್ಲಿ ಹುಡುಕಬಹುದು. ಅಲ್ಲಿ ಜಾಹೀರಾತಿಗೂ ಪರವಾನಗಿ ಸಂಖ್ಯೆ ಬೇಕು. ಅದಿಲ್ಲದ ಜಾಹೀರಾತನ್ನು ಪಕ್ಕಕ್ಕಿಡಿ.

ಇಂಗ್ಲೆಂಡಿನಲ್ಲಿ ಏಜೆಂಟರಾಗಲು ಲೈಸೆನ್ಸೇ ಬೇಕಿಲ್ಲ. ಆದರೆ ಗ್ರಾಹಕರ ದೂರು ಕೇಳುವ ಅಧಿಕೃತ ಯೋಜನೆಯೊಂದಕ್ಕೆ ಪ್ರತಿ ಏಜೆನ್ಸಿಯೂ ಸೇರಿರಲೇಬೇಕು. ಯಾವ ಯೋಜನೆ ಎಂದು ಕೇಳಿ, ಅದರ ಸದಸ್ಯರ ಪಟ್ಟಿಯಲ್ಲಿ ಹೆಸರು ಹುಡುಕಿ. ಸ್ಪೇನಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯ ಲೈಸೆನ್ಸ್ ಇಲ್ಲ. ಕ್ಯಾಟಲೋನಿಯಾದಲ್ಲಿ ಕಡ್ಡಾಯ ನೋಂದಣಿ ಪಟ್ಟಿ ಇದೆ. ಇಂಥ ಕಡೆ ವೃತ್ತಿ ಸಂಘದ ಸದಸ್ಯತ್ವ, ವೃತ್ತಿ ವಿಮೆ, ಕಣ್ಣಾರೆ ನೋಡಬಹುದಾದ ಕಚೇರಿ, ಇವೇ ಆಧಾರ.

ಮಾರುವವರಿಗೆ

ಮೂರು ಏಜೆನ್ಸಿಗಳನ್ನು ಕರೆಸಿ ಬೆಲೆ ಕೇಳಿ. ಎಲ್ಲರಿಗಿಂತ ಹೆಚ್ಚು ಹೇಳಿದವರಿಗೆ ಮನಸ್ಸು ವಾಲುವುದು ಸಹಜ. ಕರಾರಿಗೆ ಸಹಿ ಹಾಕಿಸಿಕೊಳ್ಳಲು ಮೂಗಿಗೆ ತುಪ್ಪ ಸವರುವ ವಿಧಾನ ಇದು: ಆರು ವಾರ ಯಾರೂ ನೋಡಲು ಬರುವುದಿಲ್ಲ, ಆಮೇಲೆ "ಮಾರುಕಟ್ಟೆ ಬಿದ್ದಿದೆ, ಇಳಿಸೋಣ" ಎಂಬ ಫೋನ್ ಬರುತ್ತದೆ. ಅಷ್ಟರಲ್ಲಿ ಜಾಹೀರಾತು ಹಳಸಿರುತ್ತದೆ, ನೋಡುವವರಿಗೆ ಮನೆಯಲ್ಲೇ ಏನೋ ದೋಷವಿದೆ ಎನ್ನಿಸತೊಡಗುತ್ತದೆ.

ಆದ್ದರಿಂದ ಬೆಲೆಗೆ ಪುರಾವೆ ಕೇಳಿ. ಕಳೆದ ಆರು ತಿಂಗಳಲ್ಲಿ ಅದೇ ಬೀದಿಯಲ್ಲೋ ಅದೇ ಕಟ್ಟಡದಲ್ಲೋ ನಿಜವಾಗಿ ಮಾರಾಟವಾದ ಮೂರು ಮನೆ, ಪ್ರತಿಯೊಂದರ ಅಳತೆ, ಮಾರಾಟದ ದಿನಾಂಕ, ನೋಂದಣಿಯಾದ ಬೆಲೆ. ಜಾಹೀರಾತಿನಲ್ಲಿ ಹಾಕಿದ ಬೆಲೆ ಪುರಾವೆಯಲ್ಲ. ಇಂಗ್ಲೆಂಡಿನ ಭೂ ನೋಂದಣಿ ಕಚೇರಿ, ಫ್ರಾನ್ಸಿನ ತೆರಿಗೆ ಇಲಾಖೆ, ದುಬೈಯ ಭೂ ಇಲಾಖೆ ಮೂರೂ ನಿಜವಾದ ಮಾರಾಟ ಬೆಲೆಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತವೆ. ದೂರದಲ್ಲಿ ಕೂತೇ ತಾಳೆ ನೋಡಬಹುದು.

ಕರಾರಿನಲ್ಲಿ ಒಂದೆರಡು ಪದದ ವ್ಯತ್ಯಾಸಕ್ಕೆ ಸಾವಿರಾರು ಪೌಂಡ್ ಬೆಲೆ ಇರುತ್ತದೆ. ಇಂಗ್ಲೆಂಡಿನ "ಸೋಲ್ ಏಜೆನ್ಸಿ" (ಒಂದೇ ಏಜೆನ್ಸಿಗೆ ಕೊಡುವ) ಕರಾರಿನಲ್ಲಿ ನೀವೇ ಗಿರಾಕಿ ಹುಡುಕಿಕೊಂಡರೆ ಕಮಿಷನ್ ಕೊಡಬೇಕಿಲ್ಲ. "ಸೋಲ್ ಸೆಲ್ಲಿಂಗ್ ರೈಟ್ಸ್" ಎಂದಿದ್ದರೆ, ನಿಮ್ಮ ತಮ್ಮನಿಗೇ ಮಾರಿದರೂ ಕೊಡಬೇಕು. "ರೆಡಿ, ವಿಲ್ಲಿಂಗ್ ಆ್ಯಂಡ್ ಏಬಲ್" ಎಂಬ ಸಾಲಿದ್ದರೆ ಕೊಳ್ಳಲು ಸಿದ್ಧರಿರುವ, ಹಣವೂ ಇರುವ ಗಿರಾಕಿಯನ್ನು ತಂದೊಡನೆ ಕಮಿಷನ್ ಹುಟ್ಟುತ್ತದೆ, ಆಮೇಲೆ ನೀವು ಮನಸ್ಸು ಬದಲಿಸಿ ಮಾರದಿದ್ದರೂ ಸರಿಯೇ. ಆ ಸಾಲನ್ನು ಹೊಡೆಸಿ ಹಾಕಿ. "ಮಾರಾಟ ಪೂರ್ಣಗೊಂಡಾಗ ಮಾತ್ರ" ಎಂದು ಬರೆಸಿ.

ಕಮಿಷನ್‌ಗೆ ತೆರಿಗೆ ಸೇರಿದೆಯೇ ಎಂದು ಕೇಳಿ. 3 ಲಕ್ಷ ಪೌಂಡಿನ ಮನೆಗೆ ಶೇ 1.5 ಅಂದರೆ 4,500 ಪೌಂಡ್. ಶೇ 20 ವ್ಯಾಟ್ ಸೇರಿದರೆ 5,400.

ಎಷ್ಟು ಕಾಲ ಕಟ್ಟಿಹಾಕುತ್ತಾರೆ ಎಂಬುದೂ ಮುಖ್ಯ. ಎಂಟರಿಂದ ಹನ್ನೆರಡು ವಾರದೊಳಗೆ ಫಲಿತಾಂಶ ಕಾಣದಿದ್ದರೆ ಬಿಡುವ ದಾರಿ ಇರಬೇಕು. ಫ್ರಾನ್ಸಿನಲ್ಲಿ ಏಜೆನ್ಸಿಯೊಂದಕ್ಕೇ ಕೊಟ್ಟ ಕರಾರನ್ನೂ ಮೂರು ತಿಂಗಳ ನಂತರ ಹದಿನೈದು ದಿನದ ನೋಟಿಸ್ ಕೊಟ್ಟು, ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿ ಮುಗಿಸಬಹುದು.

ಹೊರದೇಶದಲ್ಲಿರುವ ಮಾಲೀಕರು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: "ನಾನು ಇಲ್ಲಿನ ನಿವಾಸಿಯಲ್ಲ, ಮಾರಾಟದ ದಿನ ತೆರಿಗೆಗೆಂದು ಎಷ್ಟು ಹಿಡಿಯುತ್ತಾರೆ?" ಸ್ಪೇನಿನಲ್ಲಿ ಕೊಳ್ಳುವವರು ಬೆಲೆಯ ಶೇ 3 ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು, ಅಮೆರಿಕದಲ್ಲಿ ವಿದೇಶಿ ಮಾರಾಟಗಾರರಿಂದ ಸಾಮಾನ್ಯವಾಗಿ ಶೇ 15. ಇದನ್ನು ಕೇಳಿ ತಬ್ಬಿಬ್ಬಾಗುವ ಏಜೆಂಟರಿಗೆ ಪರದೇಶಿ ಮಾಲೀಕರ ವ್ಯವಹಾರ ಮಾಡಿ ರೂಢಿ ಇಲ್ಲ ಎಂದೇ ತಿಳಿಯಿರಿ.

ಕೊಳ್ಳುವವರಿಗೆ

ನಿಮ್ಮ ಪರವಾಗಿಯೇ ಹುಡುಕುವ ಏಜೆಂಟ್ ಸಿಗುವ ಕಡೆ ಅವರನ್ನು ನೇಮಿಸಿಕೊಳ್ಳುವುದು ಒಳ್ಳೆಯದು, ಶುಲ್ಕ ನಿಮ್ಮ ಕೈಯಿಂದ ಹೋದರೂ. ಆ ಶುಲ್ಕ ಬೆಲೆಯ ಶೇಕಡಾವಾರು ಆಗಿದ್ದರೆ ಬೆಲೆ ಇಳಿಸುವುದರಲ್ಲಿ ಅವರಿಗೇ ನಷ್ಟ. ನಿಗದಿತ ಮೊತ್ತ ಮಾತಾಡಿಕೊಳ್ಳಿ.

ಏಜೆಂಟ್ ಸೂಚಿಸಿದ ವಕೀಲರು ಬೇಡ. ಆ ವಕೀಲರು ಪ್ರಾಮಾಣಿಕರೇ ಇರಬಹುದು, ಆದರೆ ಮುಂದಿನ ಕೇಸೂ ಅದೇ ಏಜೆಂಟರಿಂದ ಬರಬೇಕಾದಾಗ "ಈ ಮನೆ ಬೇಡ" ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಫ್ರಾನ್ಸಿನಲ್ಲಿ ಕೊಳ್ಳುವವರು ತಮ್ಮದೇ ನೋಟರಿಯನ್ನು (ಅಲ್ಲಿ ಮನೆಯ ಕ್ರಯಪತ್ರ ಮಾಡಿಕೊಡುವ ಕಾನೂನು ಅಧಿಕಾರಿ) ಇಟ್ಟುಕೊಂಡರೆ ಹೆಚ್ಚುವರಿ ಖರ್ಚಿಲ್ಲ. ಇಬ್ಬರು ನೋಟರಿಗಳೂ ಒಂದೇ ಶುಲ್ಕವನ್ನು ಹಂಚಿಕೊಳ್ಳುತ್ತಾರೆ. ಸ್ಪೇನಿನಲ್ಲಿ ಮುಂಗಡಕ್ಕೆ ಮುಂಚೆ ಆಸ್ತಿ ನೋಂದಣಿ ಕಚೇರಿಯಿಂದ "ನೋತಾ ಸಿಂಪ್ಲೆ" ಎಂಬ ದಾಖಲೆ ತರಿಸಿ. ಮಾಲೀಕರು ಯಾರು, ಸಾಲ ಅಥವಾ ಜಪ್ತಿ ಇದೆಯೇ ಎಂಬುದು ಅದರಲ್ಲಿರುತ್ತದೆ. ಏಜೆಂಟ್ ಕೊಟ್ಟ ಪ್ರತಿಯ ದಿನಾಂಕ ಹಳೆಯದಾಗಿದ್ದರೆ ಹೊಸದನ್ನು ನೀವೇ ತರಿಸಿ.

ಮುಂಗಡ ಯಾರ ಖಾತೆಗೆ ಹೋಗುತ್ತದೆ ಎಂಬುದರಲ್ಲಿ ಕರುಣೆ, ದಾಕ್ಷಿಣ್ಯ ಎರಡೂ ಬೇಡ. ಏಜೆಂಟರ ಸ್ವಂತ ಖಾತೆಗೆ ಒಂದು ಪೈಸೆಯೂ ಹೋಗಬಾರದು. ವಕೀಲರ, ನೋಟರಿಯ ಅಥವಾ ಗ್ರಾಹಕರ ಹಣಕ್ಕೆಂದೇ ಇರುವ ಪ್ರತ್ಯೇಕ ಖಾತೆಗೆ ಮಾತ್ರ. ಸಿಂಗಪುರದಲ್ಲಿ ಏಜೆಂಟರು ಮಾರಾಟದ ಹಣವನ್ನು ಮುಟ್ಟುವುದೇ ನಿಷಿದ್ಧ.

ಹಣ ಕಳಿಸುವ ದಿನ ನಡೆಯುವ ಮೋಸ ಹೀಗಿರುತ್ತದೆ. ಬೆಳಿಗ್ಗೆ ಇಮೇಲ್ ಬರುತ್ತದೆ: ವಕೀಲರದೇ ಹೆಸರು, ಅದೇ ಲೆಟರ್‌ಹೆಡ್, ಹಿಂದಿನ ಮಾತುಕತೆಯೂ ಕೆಳಗೇ ಇದೆ. "ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಹೊಸ ಖಾತೆಗೆ ಕಳಿಸಿ." ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡಿದರೆ ನಡುವೆ ಒಂದಕ್ಷರ ಹೆಚ್ಚಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ, ಯಾರದೋ ಇಮೇಲ್ ಖಾತೆಯೇ ಕಳ್ಳರ ಕೈಯಲ್ಲಿರುತ್ತದೆ. ಮೊದಲ ಭೇಟಿಯಲ್ಲಿ ಬರೆದುಕೊಂಡ ನಂಬರಿಗೆ ಫೋನ್ ಮಾಡಿ, ಖಾತೆ ಸಂಖ್ಯೆಯನ್ನು ಬಾಯಿಬಿಟ್ಟು ಓದಿಸಿಕೊಳ್ಳಿ. ಇಮೇಲಿನಲ್ಲಿರುವ ನಂಬರಿಗೆ ಅಲ್ಲ.

ಸಹಿ ಹಾಕಲು ಹೋಗಲಾಗದಿದ್ದರೆ ಅಧಿಕಾರ ಪತ್ರವನ್ನು ಏಜೆಂಟರ ಹೆಸರಿಗೆ ಮಾಡಬೇಡಿ. ನಿಮ್ಮ ವಕೀಲರಿಗೆ ಕೊಡಿ, ಒಂದೇ ಆಸ್ತಿಗೆ ಸೀಮಿತಗೊಳಿಸಿ, ಮುಗಿಯುವ ದಿನಾಂಕ ಹಾಕಿಸಿ. ಕರಾರು ಎರಡು ಭಾಷೆಯಲ್ಲಿದ್ದರೆ, ಅರ್ಥದಲ್ಲಿ ತಕರಾರು ಬಂದಾಗ ಯಾವ ಭಾಷೆಯ ಪ್ರತಿ ನಿಲ್ಲುತ್ತದೆ ಎಂಬ ಸಾಲನ್ನು ಹುಡುಕಿ. ಹೆಚ್ಚಾಗಿ ಅದು ಆ ದೇಶದ ಭಾಷೆಯದೇ, ಹಾಗಾಗಿ ಅನುವಾದ ಮಾಡಿಸಿ ಓದಬೇಕಾದ್ದು ಆ ಪ್ರತಿಯನ್ನು.

ಏಜೆಂಟರನ್ನು ಬದಲಿಸುವಾಗ

ಬಾಯಿಮಾತಿನಲ್ಲಿ ಬಿಡಬೇಡಿ. ಕರಾರಿನಲ್ಲಿ ಹೇಳಿದ ನೋಟಿಸ್ ಅವಧಿಯನ್ನು ಪಾಲಿಸಿ, ಲಿಖಿತವಾಗಿ ಮುಗಿಸಿ. ಮನೆ ತೋರಿಸಿದ ಎಲ್ಲರ ಹೆಸರು, ದಿನಾಂಕವಿರುವ ಪಟ್ಟಿಯನ್ನು ಅದೇ ಪತ್ರದಲ್ಲಿ ಕೇಳಿ. ಆ ಪಟ್ಟಿಯಲ್ಲಿರುವವರು ಮುಂದೆ ಕೊಂಡರೆ ಹಳೆಯ ಏಜೆಂಟ್ ಕಮಿಷನ್ ಕೇಳಬಹುದು. ಹೊಸಬರೂ ಕೇಳಿದರೆ ಎರಡು ಸಲ ಕೊಡಬೇಕಾದೀತು. ಹೊಸ ಏಜೆಂಟರಿಗೆ ಸಹಿ ಹಾಕುವ ಮುಂಚೆಯೇ ಆ ಪಟ್ಟಿ ತೋರಿಸಿ, ಆ ಹೆಸರುಗಳಿಗೆ ಅವರ ಕಮಿಷನ್ ಅನ್ವಯಿಸುವುದಿಲ್ಲ ಎಂದು ಬರೆಸಿಕೊಳ್ಳಿ. ಕೊಟ್ಟಿದ್ದ ಕೀಲಿಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಿ, ಹಳೆಯ ಜಾಹೀರಾತು ಎಲ್ಲ ತಾಣಗಳಿಂದಲೂ ಇಳಿದಿದೆಯೇ ಎಂದು ಒಂದು ವಾರದ ನಂತರ ಹುಡುಕಿ ನೋಡಿ.