ಕಿತ್ತಳೆ ಸಿಪ್ಪೆಯ ಪೆಕ್ಟಿನ್: ಬ್ಯುರೆಟ್ ಹಿಡಿಯುವ ಮುಂಚಿನ ಕೆಲಸ

ಜಾಮ್, ಜೆಲ್ಲಿ ಗಟ್ಟಿಯಾಗಲು ಕಾರಣವಾದ ಪೆಕ್ಟಿನ್‌ನ ರಚನೆ ನೋಡಬೇಕು ಅಂದ ತಕ್ಷಣ ನಮ್ಮ ಎಂ.ಎಸ್ಸಿ. ಮಕ್ಕಳು ಕೇಳುವುದು ಒಂದೇ: "ಮೇಡಂ, ಎನ್‌ಎಂಆರ್‌ಗೆ ಎಲ್ಲಿಗೆ ಕಳಿಸೋದು?" ಎನ್‌ಎಂಆರ್ ಅಂದರೆ ಅಣುವಿನ ರಚನೆ ತೋರಿಸುವ ದುಬಾರಿ ಮಿಷನ್. ಹಾಸನದ ನಮ್ಮ ಲ್ಯಾಬಿನಲ್ಲಿ ಇರುವುದು ಬ್ಯುರೆಟ್, ವಾಟರ್ ಬಾತ್, ಓವನ್, ಒಂದು ಹಳೇ ಕಲರಿಮೀಟರ್. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಂದ ಬರುವ ಕಿತ್ತಳೆ ಸಿಪ್ಪೆಯ ಪೆಕ್ಟಿನ್ ಬಗ್ಗೆ ತಿಳಿಯಬೇಕಾದ್ದು ಬಹುಪಾಲು ಇಷ್ಟರಲ್ಲೇ ಸಿಗುತ್ತದೆ. ಆದರೆ ಪುಡಿಯನ್ನು ಸರಿಯಾಗಿ ತೊಳೆದಿರಬೇಕು. ತೊಳೆಯದ ಪುಡಿಯನ್ನು ಎಂಥಾ ಮಿಷನ್‌ಗೆ ಹಾಕಿದರೂ ಅದು ಸುಳ್ಳೇ ಹೇಳುತ್ತದೆ.

ಪೆಕ್ಟಿನ್ ಅಂದರೆ ಮುಖ್ಯವಾಗಿ ಗ್ಯಾಲಕ್ಟ್ಯುರೋನಿಕ್ ಆಮ್ಲದ ಉದ್ದನೆಯ ಸರಪಳಿ. ಅದರ ಆಮ್ಲದ ಗುಂಪುಗಳಲ್ಲಿ ಕೆಲವಕ್ಕೆ ಮೀಥೈಲ್ ಅಂಟಿರುತ್ತದೆ, ಉಳಿದವು ಖಾಲಿ. ನೂರರಲ್ಲಿ ಎಷ್ಟಕ್ಕೆ ಅಂಟಿದೆ ಅನ್ನುವುದೇ ಎಸ್ಟರ್ ಪ್ರಮಾಣ. ಇದು 50%ಗಿಂತ ಜಾಸ್ತಿ ಇದ್ದರೆ ಜೆಲ್ಲಿ ಕಟ್ಟಲು ಸಕ್ಕರೆ 55% ದಾಟಬೇಕು, ಪಿಎಚ್ 3ರ ಆಸುಪಾಸು ಇರಬೇಕು. ಕಡಿಮೆ ಇದ್ದರೆ ಅಷ್ಟು ಸಕ್ಕರೆ ಬೇಕಿಲ್ಲ, ಕ್ಯಾಲ್ಸಿಯಂ ಬೇಕು. ಎರಡು ಸರಪಳಿಗಳ ನಡುವಿನ ಗುಳಿಗಳಲ್ಲಿ ಕ್ಯಾಲ್ಸಿಯಂ, ಟ್ರೇನಲ್ಲಿಟ್ಟ ಮೊಟ್ಟೆಗಳ ಹಾಗೆ ಕೂತು ಸರಪಳಿಗಳನ್ನು ಹಿಡಿದಿಡುತ್ತದೆ.

ಪೆಕ್ಟಿನ್ ತೆಗೆಯುವುದು ದೊಡ್ಡ ಕೆಲಸವೇನಲ್ಲ. ಒಣಸಿಪ್ಪೆ ಪುಡಿಯನ್ನು ಪಿಎಚ್ 2ರ ಆಸಿಡ್ ನೀರಿನಲ್ಲಿ 80–85 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಎರಡು ಪಟ್ಟು ಆಲ್ಕೋಹಾಲ್ ಸುರಿಯುತ್ತೇವೆ. ಲೋಳೆಯಂಥ ಎಳೆಗಳು ಮೇಲೆ ಬರುತ್ತವೆ. ಎಥನಾಲ್‌ಗೆ ಅಬಕಾರಿ ಪರವಾನಗಿಯ ಓಡಾಟ ಇದೆಯಲ್ವಾ, ಅದಕ್ಕೇ ನಾವು ಐಸೊಪ್ರೊಪನಾಲ್ ಹಿಡಿದಿದ್ದೇವೆ.

ಈಗ ತೊಳೆಯುವ ವಿಷಯ. ಸಿಪ್ಪೆಯಲ್ಲಿ ಕ್ಯಾಲ್ಸಿಯಂ, ಪೊಟ್ಯಾಶಿಯಂ ಇದ್ದೇ ಇರುತ್ತವೆ. ಖಾಲಿ ಆಮ್ಲದ ಗುಂಪುಗಳನ್ನು ಅವು ಹಿಡಿದುಕೊಂಡಿದ್ದರೆ ಟೈಟ್ರೇಶನ್‌ನಲ್ಲಿ (ಬ್ಯುರೆಟ್‌ನಿಂದ ಕ್ಷಾರ ಹನಿಸಿ ಆಮ್ಲ ಅಳೆಯುವಾಗ) ಆ ಗುಂಪುಗಳು ಲೆಕ್ಕಕ್ಕೇ ಬರುವುದಿಲ್ಲ. ಎಸ್ಟರ್ ಪ್ರಮಾಣ ಸುಮ್ನೆ ಏರಿಬಿಡುತ್ತದೆ. ಅದಕ್ಕೆ 60% ಆಲ್ಕೋಹಾಲ್ 100 ಮಿ.ಲೀ.ಗೆ 5 ಮಿ.ಲೀ. ಗಾಢ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿ, ಪುಡಿಯನ್ನು ಅದರಲ್ಲಿ ಹತ್ತು ನಿಮಿಷ ಕಲಕಿ ಸೋಸುತ್ತೇವೆ. ಅದೇ ದ್ರಾವಣದಲ್ಲಿ ಮತ್ತೆ ಮತ್ತೆ ತೊಳೆಯುತ್ತೇವೆ. ಈಗ ಉಲ್ಟಾ ತೊಂದರೆ: ಆ ಆಸಿಡ್ ಒಳಗೆ ಉಳಿದರೆ ಅದೂ ಆಮ್ಲದ ಲೆಕ್ಕಕ್ಕೆ ಸೇರಿ ಎಸ್ಟರ್ ಪ್ರಮಾಣ ಇಳಿಯುತ್ತದೆ. ಹಾಗಾಗಿ ಬರೀ 60% ಆಲ್ಕೋಹಾಲ್‌ನಲ್ಲಿ ತೊಳೆಯುತ್ತಾ, ಸೋಸಿ ಬಂದ ನೀರನ್ನು ಪ್ರತಿ ಸಲ ಟೆಸ್ಟ್ ಟ್ಯೂಬಿಗೆ ಹಿಡಿದು ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಬೇಕು. ಹೈಡ್ರೋಕ್ಲೋರಿಕ್ ಆಸಿಡ್ ಉಳಿದಿದ್ದರೆ ಬೆಳ್ಳಗಾಗುತ್ತದೆ. ಮೊದಲು ಹಾಲಿನಷ್ಟು ಬಿಳಿ. ಆಮೇಲೆ ಮಬ್ಬು. ಕೊನೆಗೆ ಕಪ್ಪು ಕಾಗದದ ಮುಂದೆ ಹಿಡಿದರೂ ಏನೂ ಕಾಣಬಾರದು. ಮಕ್ಕಳಿಗೆ ಬೇಜಾರಾಗುವುದು ಇಲ್ಲೇ. "ಸಾಕಲ್ವಾ ಮೇಡಂ, ಸ್ವಲ್ಪಾನೇ ಮಬ್ಬಿದೆ" ಅಂತಾರೆ. ಸಾಲದು. ಅಂಗಡಿಯ ಪೆಕ್ಟಿನ್ ಹೋಲಿಸಿ ನೋಡುವಾಗಲೂ ತೊಳೆಯಲೇಬೇಕು. ಅದರ ಬಲ ಒಂದೇ ಸಮ ಇರಲಿ ಅಂತ ತಯಾರಕರು ಸಕ್ಕರೆ ಬೆರೆಸಿರುತ್ತಾರೆ.

ಟೈಟ್ರೇಶನ್ ಸುಲಭ. ಅರ್ಧ ಗ್ರಾಂ ಪುಡಿಯನ್ನು ಮೊದಲು ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿಕೊಳ್ಳಿ, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಕುದಿಸಿ ಆರಿಸಿದ 100 ಮಿ.ಲೀ. ನೀರಿನಲ್ಲಿ ಪೂರ್ತಿ ಕರಗಿಸಿ, ಫಿನಾಲ್ಫ್ತಲೀನ್ ಹಾಕಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತಿಳಿ ಗುಲಾಬಿ ಬರುವವರೆಗೆ ಬಿಡಿ. ಇದು ಖಾಲಿ ಗುಂಪುಗಳ ಲೆಕ್ಕ. ಆಮೇಲೆ 0.5 ನಾರ್ಮಲ್ ಕ್ಷಾರ 20 ಮಿ.ಲೀ. ಹಾಕಿ 15 ನಿಮಿಷ ಬಿಟ್ಟರೆ ಮೀಥೈಲ್ ಕಳಚುತ್ತದೆ. ಬಿಸಿ ಮಾಡಬೇಡಿ, ಬಿಸಿಯಲ್ಲಿ ಕ್ಷಾರ ಸರಪಳಿಯನ್ನೇ ತುಂಡು ಮಾಡುತ್ತದೆ. ಅಷ್ಟೇ ಬಲದ ಆಸಿಡ್ ಅಷ್ಟೇ ಹಾಕಿ, ಮತ್ತೆ 0.1 ನಾರ್ಮಲ್ ಕ್ಷಾರದಿಂದ ಟೈಟ್ರೇಟ್ ಮಾಡಿ. ಮೊದಲ ಸಲ 6, ಎರಡನೇ ಸಲ 15 ಮಿ.ಲೀ. ಬಂತು ಅಂದುಕೊಳ್ಳಿ. 15ನ್ನು 21ರಿಂದ ಭಾಗಿಸಿದರೆ ಸುಮಾರು 71%. ಅದೇ 21ನ್ನು 19.41ರಿಂದ ಗುಣಿಸಿದರೆ ಗ್ಯಾಲಕ್ಟ್ಯುರೋನಿಕ್ ಆಮ್ಲ ಎಷ್ಟು ಮಿಲಿಗ್ರಾಂ ಅಂತಲೂ ಸಿಗುತ್ತದೆ, ಇಲ್ಲಿ 408ರ ಹತ್ತಿರ, ಅಂದರೆ ಅರ್ಧ ಗ್ರಾಂ ಪುಡಿಯಲ್ಲಿ ಸುಮಾರು 82%. ಆಹಾರಕ್ಕೆ ಬಳಸುವ ಪೆಕ್ಟಿನ್‌ನಲ್ಲಿ ಗ್ಯಾಲಕ್ಟ್ಯುರೋನಿಕ್ ಆಮ್ಲ 65%ಗಿಂತ ಕಡಿಮೆ ಇರಬಾರದು.

ಇನ್ಫ್ರಾರೆಡ್‌ಗೆ, ಅಂದರೆ ಅಣುವಿನ ಯಾವ ಗುಂಪು ಯಾವ ಅವಕೆಂಪು ಬೆಳಕನ್ನು ಹೀರುತ್ತದೆ ಅಂತ ನೋಡುವ ಪರೀಕ್ಷೆಗೆ, ಮೈಸೂರಿಗೆ ಕಳಿಸುತ್ತೇವೆ. 1740 ಸೆಂ.ಮೀ.⁻¹ ಹತ್ತಿರ ಎಸ್ಟರ್ ಪೀಕ್, 1610–1630ರಲ್ಲಿ ಉಪ್ಪಿನ ರೂಪದ (ಸೋಡಿಯಂ, ಪೊಟ್ಯಾಶಿಯಂನಂಥವು ಹಿಡಿದುಕೊಂಡ) ಖಾಲಿ ಗುಂಪು. ಎರಡರ ವಿಸ್ತೀರ್ಣ ಹೋಲಿಸಿದರೆ ಮತ್ತೆ ಎಸ್ಟರ್ ಪ್ರಮಾಣ. ಇಲ್ಲೊಂದು ಸೂಕ್ಷ್ಮ ಇದೆ. ಆಸಿಡ್‌ನಲ್ಲಿ ತೊಳೆದ ಪುಡಿಯಲ್ಲಿ ಖಾಲಿ ಗುಂಪೂ 1740ರ ಹತ್ತಿರವೇ ಬಂದು ಕೂರುತ್ತದೆ. ಎಲ್ಲವೂ ಎಸ್ಟರ್ ಥರ ಕಾಣುತ್ತದೆ. ಹಾಗಾಗಿ ಟೈಟ್ರೇಶನ್‌ಗೆ ಆಸಿಡ್ ರೂಪ, ಇನ್ಫ್ರಾರೆಡ್‌ಗೆ ಪಿಎಚ್ 7ಕ್ಕೆ ತಂದು ಒಣಗಿಸಿದ ಉಪ್ಪಿನ ರೂಪ. ಒಂದೇ ಡಬ್ಬಿಯ ಪುಡಿಯನ್ನು ಎರಡಕ್ಕೂ ಕೊಡಬೇಡಿ. ಇನ್ನು ಮಲೆನಾಡಿನ ಮಳೆಗಾಲದ ತೇವ. ನೀರು 1640ರ ಬಳಿ ಪೀಕ್ ಕೊಟ್ಟು ಲೆಕ್ಕ ಕೆಡಿಸುತ್ತದೆ. ಸಿಲಿಕಾ ಜೆಲ್ ಇಲ್ಲದೆ ಸ್ಯಾಂಪಲ್ ಬಸ್ ಹತ್ತಿಸಬೇಡಿ.

ಮೂಡಿಗೆರೆ ಕಡೆಯಲ್ಲಿ ಜಾಮ್ ಮಾಡುವ ಒಬ್ಬರು ಅಕ್ಕ ಸಿಪ್ಪೆ ಕೊಟ್ಟು, "ಒಂದು ಸಲ ಕಲ್ಲಿನಂಗೆ ಗಟ್ಟಿ ಆಗ್ತದೆ, ಇನ್ನೊಂದು ಸಲ ಪಾನಕ ಆಗ್ತದೆ, ನೋಡಿ ಮೇಡಂ" ಅಂದಿದ್ದರು. ಬಿಸಿಲಿನಲ್ಲಿ ಬೇಗ ಒಣಗಿದ ಸಿಪ್ಪೆಯದು ಎಸ್ಟರ್ ಜಾಸ್ತಿ ಬಂತು. ಮೋಡದ ದಿನಗಳಲ್ಲಿ ಹಸಿಯಾಗೇ ಬಿದ್ದಿದ್ದ ಸಿಪ್ಪೆಯದು ಬಹಳ ಕಡಿಮೆ. ಸಿಪ್ಪೆಯಲ್ಲೇ ಇರುವ ಒಂದು ಕಿಣ್ವ ಮೀಥೈಲನ್ನು ಕಳಚುತ್ತಾ ಹೋಗುತ್ತದೆ, ಅದೇ ಕಾರಣ. ಸಿಪ್ಪೆ ಸುಲಿದ ದಿನವೇ ಕುದಿಯುವ ನೀರಿಗೆ ಹಾಕಿ ತೆಗೆದು ಆಮೇಲೆ ಒಣಗಿಸಿ ಅಂದೆ. ಬಿಸಿಗೆ ಕಿಣ್ವ ಕೆಲಸ ನಿಲ್ಲಿಸುತ್ತದೆ.

ಈಗ ಮಕ್ಕಳ ಕಣ್ಣು ಕಾಫಿ ಬೀಜದ ಲೋಳೆಯ ಮೇಲೆ. ಅದರಲ್ಲೂ ಪೆಕ್ಟಿನ್ ಇದೆ. ಆದರೆ ಹುದುಗಲು ಬಿಟ್ಟರೆ ಕಿಣ್ವಗಳು ಅದನ್ನು ಬೇಗ ಕತ್ತರಿಸಿ ಹಾಕುತ್ತವೆ. ಹಾಸನಕ್ಕೆ ತಂದು ನೋಡೋಣ ಅಂದರೆ ಆಗದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ ಪಕ್ಕದಲ್ಲೇ ಆಲ್ಕೋಹಾಲ್ ಬಾಟಲಿಗೆ ಹಾಕಬೇಕು. ಬಾಟಲಿ ಮೇಲೆ ‘ವಿಷ, ಕುಡಿಯಬಾರದು’ ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ. ತೋಟದಲ್ಲಿ ವಾಸನೆ ನೋಡಿ ಆಸೆಪಡುವವರು ಇರುತ್ತಾರೆ.